ತುಡುವೆ ಜೇನಿನ ಬಾಗಿಲಲ್ಲಿ ಕಡಜದ ಕಾಲು

ಹಳೆಯ ದಿನಚರಿ, ೧೪ ಮಾರ್ಚ್ ೧೯೮೩, ಸೋಮವಾರ: 'ಮಗಳು ವಸುಮತಿಗೆ ಶಾಲೆಯಲ್ಲಿ ಚುಚ್ಚುಮದ್ದು. ಕಾಯಿಲೆಯೇ ಇಲ್ಲದವಳಿಗೆ ಸೂಜಿ ಯಾಕೆಂದು ಅತ್ತಳು. ಸಂಜೆಗೆ ಮೈ ಬಿಸಿ. ಈ ಕಥೆ ಹೇಳಿದೆ, ಮಲಗಿದಳು.'

ಒಂದು ಕಾಡಿನಲ್ಲಿ, ಮತ್ತಿಮರದ ಪೊಟರೆಯೊಳಗೆ ತುಡುವೆ ಜೇನುಗಳ ದೊಡ್ಡ ಸಂಸಾರವಿತ್ತು. ಬಾಗಿಲು ಕಾಯುವ ಕೆಲಸ ಅಂದು ಮೊದಲ ಬಾರಿಗೆ ಹೊನ್ನಿಯ ಪಾಲಿಗೆ ಬಂದಿತ್ತು. ಆ ಮನೆಯಲ್ಲಿ ಮುಖ ನೋಡಿ ಒಳಗೆ ಬಿಡುವ ಪದ್ಧತಿಯಿಲ್ಲ. ಬಂದವರಿಗೆ ಮೀಸೆ ತಾಗಿಸಿ ಮೂಸಬೇಕು. ಮನೆಯ ವಾಸನೆಯಿದ್ದರೆ ದಾರಿ ಬಿಡಬೇಕು.

ಇದನ್ನು ಒಂದು ಕಡಜ ಮರೆಯಲ್ಲಿ ಕೂತು ನೋಡಿಕೊಂಡಿತ್ತು. ಮರದ ಬುಡದಲ್ಲಿ ಬಿದ್ದಿದ್ದ ಹಳೆಯ ಜೇನುಗೂಡಿನ ಎರಿಯ ಮೇಲೆ ಹೊರಳಿ, ಮೈಗೆಲ್ಲ ಜೇನು ಬಳಿದುಕೊಂಡು ಬಾಗಿಲಿಗೆ ಬಂತು.

ಹೊನ್ನಿ ಮೀಸೆ ತಾಗಿಸಿದಳು. ವಾಸನೆ ಮನೆಯದೇ. ಆದರೂ ಕೇಳಿದಳು, "ಏನಕ್ಕ, ಇಷ್ಟು ದಪ್ಪ ಆಗಿದ್ದೀಯ?"

"ನೇರಳೆ ಹೂ ಬಿಟ್ಟಿದೆ ಕಣೇ, ಹೊಟ್ಟೆ ಬಿರಿಯ ಉಂಡೆ. ದಾರಿ ಬಿಡು, ಕಾಲು ನೋಯ್ತಿದೆ."

ಹೊನ್ನಿ ದಾರಿ ಬಿಟ್ಟಳು.

ಕಡಜ ನೆಟ್ಟಗೆ ಮರಿಗಳ ಕೋಣೆಗೆ ನುಗ್ಗಿತು. ಮರಿಹುಳುಗಳನ್ನು ಒಂದೊಂದಾಗಿ ಎಳೆದು ತಿನ್ನತೊಡಗಿತು. ತಡೆಯಲು ಹೋದ ದಾದಿಯರು ಎರಡೆರಡು ತುಂಡಾಗಿ ಬಿದ್ದರು. ಕೂಗು ಕೇಳಿ ಓಡಿಬಂದ ಹೊನ್ನಿಯ ಎದೆ ಒಡೆಯಿತು. ಅವೆಲ್ಲ ಅವಳ ತಂಗಿಯರು.

"ಅಯ್ಯೋ, ನಾನೇ ಬಿಟ್ಟೆ ಅಜ್ಜಿ! ನಾನೇ ಬಿಟ್ಟೆ!"

ಮನೆಯ ಹಿರಿಯಳು ಪಟ್ಟಜ್ಜಿ ಅವಳನ್ನು ಬೈಯಲಿಲ್ಲ. "ಕಂಡಿಲ್ಲದ ಕಳ್ಳನನ್ನು ನೀನು ಹೇಗೆ ಗುರುತು ಹಿಡೀತಿದ್ದೆ ಮಗಾ? ಅಳೋದು ಆಮೇಲೆ. ಕುಟುಕಬೇಡಿ ಕಣ್ರೇ, ಆ ಚಿಪ್ಪಿಗೆ ನಮ್ಮ ಮುಳ್ಳು ನಾಟಲ್ಲ. ಸುತ್ತ ಮುತ್ತಿಕೊಳ್ಳಿ, ಮೈ ನಡುಗಿಸಿ!"

ನೂರಾರು ಜೇನುಗಳು ಕಡಜದ ಮೇಲೆ ಉಂಡೆ ಕಟ್ಟಿದವು. ಎಲ್ಲರೂ ಗಡಗಡ ನಡುಗಿದರು. ಉಂಡೆಯೊಳಗೆ ಕಾವೇರಿತು.

"ಬಿಸಿ ತಡೆಯೋಕಾಗ್ತಿಲ್ಲ ಅಜ್ಜಿ!" ಎಂದಳು ಹೊನ್ನಿ.

"ಇನ್ನೊಂದು ಚೂರು ತಡ್ಕೋ. ನಮಗಿಂತ ಮೊದಲು ಅದಕ್ಕೇ ಆಗದು."

ಕಡಜ ಒದ್ದಾಡಿತು. "ಬಿಡ್ರೇ, ನಾನು ನಿಮ್ಮ ಮನೆಯವಳೇ!"

"ಮನೆಯವಳಾಗಿದ್ದರೆ ಈ ಬಿಸಿ ನೀನೂ ತಡೀತಿದ್ದೆ," ಎಂದಳು ಪಟ್ಟಜ್ಜಿ.

ಸ್ವಲ್ಪ ಹೊತ್ತಿಗೆ ಕಡಜ ತಣ್ಣಗಾಯಿತು. ಉಂಡೆ ಬಿಚ್ಚಿದಾಗ, ಆ ಕಾವಿಗೆ ಬೆಂದ ಮುದಿ ಪಟ್ಟಜ್ಜಿಯೂ ಅಲುಗಲಿಲ್ಲ.

ಕಡಜದ ಹೆಣವನ್ನು ಹೊರಗೆಸೆಯುವಾಗ ಹೊನ್ನಿ ಅದರ ಒಂದು ಕಾಲನ್ನು ಕಿತ್ತು ಬಾಗಿಲಲ್ಲಿ ಮೇಣದಿಂದ ಅಂಟಿಸಿದಳು.

"ಥೂ, ಹೆಣದ ಕಾಲು ಹೊಸ್ತಿಲಲ್ಲಿ ಯಾಕೆ?" ಎಂದು ಒಬ್ಬಳು ಮೂಗು ಮುರಿದಳು.

"ಸತ್ತ ಕಾಲು ಕಚ್ಚಲ್ಲ, ಕಲಿಸುತ್ತೆ. ಕಾವಲಿಗೆ ಬರುವವರೆಲ್ಲ ಮೊದಲು ಇದಕ್ಕೆ ಮೀಸೆ ತಾಗಿಸಿ, ವಾಸನೆ ನೆನಪಿಟ್ಟುಕೊಳ್ಳಿ," ಎಂದಳು ಹೊನ್ನಿ.

ಮುಟ್ಟಿದವರಿಗೆಲ್ಲ ಒಂದು ಗಳಿಗೆ ಮೈ ನಡುಗಿ ಬಿಸಿಯಾಗುತ್ತಿತ್ತು. ಆಮೇಲೆ ಏನೂ ಇಲ್ಲ.

ಮುಂದಿನ ಹುಣ್ಣಿಮೆಯೊಳಗೆ ಮತ್ತೊಂದು ಕಡಜ ಅದೇ ಉಪಾಯ ಹೂಡಿ, ಜೇನು ಬಳಿದುಕೊಂಡು ಬಂತು. ಆ ದಿನ ಬಾಗಿಲಲ್ಲಿದ್ದವಳು ಜೀವಂತ ಕಡಜವನ್ನು ಹುಟ್ಟಿದಾಗಿನಿಂದ ಕಂಡವಳೇ ಅಲ್ಲ. ಆದರೂ ಮೀಸೆ ತಾಗಿದ್ದೇ ತಡ, "ಮೇಲೆ ಜೇನು, ಒಳಗೆ ಕಡಜ! ಬನ್ರೇ!" ಎಂದು ಕೂಗಿದಳು. ಕಡಜ ಹೊಸ್ತಿಲು ದಾಟುವ ಮೊದಲೇ ಉಂಡೆ ಕಟ್ಟಿಯಾಗಿತ್ತು.

ಮೊದಲ ಸಲ ಸತ್ತವರು ಪಟ್ಟಜ್ಜಿಯೂ ಸೇರಿ ಅರವತ್ತಮೂರು ಜೇನುಗಳು, ಹನ್ನೊಂದು ಮರಿಗಳು. ಎರಡನೆಯ ಸಲ ಒಬ್ಬಳ ರೆಕ್ಕೆ ಹರಿಯಿತು.

ನೀತಿ: ಶತ್ರುವಿನ ಗುರುತನ್ನು ಮೊದಲೇ ಕಲಿತ ಕಾವಲು ಮನೆಯನ್ನು ಉಳಿಸುತ್ತದೆ, ನಮ್ಮ ಮೈಯೊಳಗಿನ ಕಾವಲಿಗೂ ಇದೇ ಮಾತು.