ಹಠಮಾರಿ ಎನಿಸಿಕೊಂಡವಳು

ಶಿಷ್ಯನು ಕೇಳಿದನು: “ಗುರುಗಳೇ, ನಮ್ಮ ಪಾಠಶಾಲೆಗೆ ಹೊಸದಾಗಿ ಒಂದು ಮಗು ಬಂದಿದೆ. ಅದಕ್ಕೆ ಮಾತಿಲ್ಲ, ಹೇಳಿದ್ದು ತಲೆಗೆ ಹತ್ತುವುದಿಲ್ಲ. ಅದೊಂದಕ್ಕೇ ಬೇರೆ ಗುರುವನ್ನು ಇಡಬೇಕೆಂದು ತಾಯಿ ಬೇಡುತ್ತಿದ್ದಾಳೆ. ಕಲಿಯಲಾರದವರಿಗಾಗಿ ಅಷ್ಟು ಶ್ರಮಪಡಬೇಕೇ?”

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದನು. ಅವನಿಗೆ ತಂಗೆವ್ವ ಎಂಬ ಒಬ್ಬಳೇ ಮಗಳು. ಏಳು ವರ್ಷವಾದರೂ ಅವಳಿಗೆ ಮಾತು ಬಂದಿರಲಿಲ್ಲ. ತುತ್ತು ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಎಲ್ಲರ ಮಕ್ಕಳಂತೆ ಇವಳೂ ಕಲಿಯಲಿ ಎಂದು ನೇಕಾರನು ಅವಳನ್ನು ಊರ ಶಾಲೆಗೆ ಸೇರಿಸಿದನು. ಉಪಾಧ್ಯಾಯನು ಅವಳನ್ನು ಬಾಗಿಲ ಬಳಿ ಕೂರಿಸಿದನು. ಕೈಗೆ ಬಳಪ ಕೊಡಲಿಲ್ಲ. ಹೆಸರು ಹಿಡಿದು ಕರೆಯಲಿಲ್ಲ. ಮೂರು ವರ್ಷ ಅವಳು ಅಲ್ಲಿಯೇ ಕೂತಳು.

ಎರಡನೆಯ ವರ್ಷದಿಂದ ಅವಳು ಪಾಠದ ನಡುವೆ ಚೀರಿ, ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ಇದು ಹಠ ಎಂದು ಉಪಾಧ್ಯಾಯನು ಬೆತ್ತದಿಂದ ಹೊಡೆದನು. ಆ ಮಾತು ನಂಬಿ ಮನೆಯಲ್ಲಿ ತಂದೆಯೂ ಹೊಡೆದನು.

ಆಮೇಲೆ ಆ ಊರಿಗೆ ಒಬ್ಬ ಹೆಂಗಸು ಬಂದಳು. ಮಾತು ಬಾರದ ತಮ್ಮನನ್ನು ಸಾಕಿ ಬೆಳೆಸಿದವಳು. ಅಂಥ ಮಕ್ಕಳಿಗೆ ಕಲಿಸುವುದನ್ನೇ ಕೆಲಸ ಮಾಡಿಕೊಂಡವಳು. ಅವಳು ದಿನವೂ ನೇಕಾರನ ಮನೆಗೆ ಬಂದು ತಂಗೆವ್ವನ ಬೆರಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒಂದೊಂದಾಗಿ ನೀವಿ ಸಡಿಲಿಸಿದಳು. ಹಲಗೆಯ ಚೂರುಗಳ ಮೇಲೆ ಚಿತ್ರ ಬರೆದಳು: ನೀರಿನ ತಂಬಿಗೆ, ರೊಟ್ಟಿ, ಅಳುವ ಮುಖ. ಬೇಕಾದುದನ್ನು ಮುಟ್ಟಿ ತೋರಿಸಲು ಕಲಿಸಿದಳು. ತಂಬಿಗೆಯೊಂದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಎಂಟನೆಯ ತಿಂಗಳಲ್ಲಿ ಒಂದು ದಿನ ತಂಗೆವ್ವ ಅಳುವ ಮುಖವನ್ನು ಮುಟ್ಟಿದಳು. ಆಮೇಲೆ ತನ್ನ ಬಲಗಿವಿಯನ್ನು ಮುಟ್ಟಿದಳು.

ವೈದ್ಯನು ನೋಡಿದನು. ಕಿವಿಯ ಆಳದಲ್ಲಿ ಕೀವು ಕಟ್ಟಿ ವರ್ಷಗಳಾಗಿದ್ದವು. ಔಷಧದಿಂದ ನೋವು ಹೋಯಿತು. ಆ ಕಿವಿ ಮತ್ತೆ ಕೇಳಲಿಲ್ಲ.

ನೇಕಾರನು ಮಗಳ ಕಾಲು ಹಿಡಿದು ಅತ್ತನು. ಮರುದಿನ ಶಾಲೆಗೆ ಹೋಗಿ, ಆ ಹೆಂಗಸಿಗೆ ಅಲ್ಲಿ ಒಂದು ಕೋಣೆ ಕೊಡಬೇಕೆಂದು ಕೇಳಿದನು.

ಉಪಾಧ್ಯಾಯನು ನಕ್ಕನು. “ಎಂಟು ತಿಂಗಳಿಗೆ ಮೂರು ಚಿತ್ರ! ಇದನ್ನು ವಿದ್ಯೆ ಎನ್ನುತ್ತೀಯಾ? ಅಷ್ಟರಲ್ಲಿ ನನ್ನ ಮಕ್ಕಳು ಮಗ್ಗಿಯೆಲ್ಲ ಮುಗಿಸುತ್ತಾರೆ.”

“ಸ್ವಾಮಿ, ಆ ಮೂರರಲ್ಲಿ ಒಂದನ್ನು ನೀವು ಮೊದಲೇ ಕಲಿಸಿದ್ದರೆ ನನ್ನ ಮಗಳ ಕಿವಿ ಉಳಿಯುತ್ತಿತ್ತು. ನೀವೂ ಹೊಡೆದಿರಿ, ನಾನೂ ಹೊಡೆದೆ. ನನಗೆ ನಾಚಿಕೆಯಾಗಿದೆ. ನಿಮಗೆ?”

ಉಪಾಧ್ಯಾಯನು ಅವನನ್ನು ಹೊರಗೆ ಕಳುಹಿಸಿದನು. ನೇಕಾರನು ತನ್ನ ಮಗ್ಗದ ಮನೆಯ ಅರ್ಧವನ್ನು ಆ ಹೆಂಗಸಿಗೆ ಬಿಟ್ಟುಕೊಟ್ಟನು. ಸುತ್ತಲಿನ ಊರುಗಳಿಂದ ಒಂಬತ್ತು ಮಕ್ಕಳು ಬಂದರು. ಅವರಲ್ಲಿ ಇಬ್ಬರ ಬೆನ್ನ ಮೇಲೆ ಬಾಸುಂಡೆಗಳಿದ್ದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನು ಕೇಳಿದನು: “ಕೊನೆಗೆ ಆ ಹುಡುಗಿ ಅಕ್ಷರ ಕಲಿತಳೇ?”

ಗುರುಗಳು ಹೇಳಿದರು: “ಆ ಉಪಾಧ್ಯಾಯನು ಏನಾದರೂ ಕಲಿತನೇ ಎಂದು ನೀನು ಕೇಳಲಿಲ್ಲ.”