ಜಾಗ ಇಲ್ಲ ಅಂದ್ರೆ ಗೋಡೆ ನೋಡು

ನಗೋರು ಹತ್ತಿರ ಬನ್ನಿ, ನಗದೋರು ಎದ್ದೋಗಿ. ಇದು ಜವರಮ್ಮನ ಮಗ ಗುಡ್ಡಪ್ಪನ ಕತೆ. ಆಳು ನೋಡಿದ್ರೆ ಆನೆ, ತಲೆ ನೋಡಿದ್ರೆ ಖಾಲಿ ಮಡಕೆ. ಹೇಳಿದ್ದನ್ನ ಮಾಡ್ತಾನೆ, ಹೇಳಿದಷ್ಟೇ ಮಾಡ್ತಾನೆ! "ನಿನ್ನ ಕಟ್ಕೊಂಡು ಹೆಂಗ್ಲಾ ಬಾಳ್ಲಿ?" ಅಂತ ಆಯಮ್ಮ ಹಣೆ ಚಚ್ಚಿಕೊಳ್ಳೋದು.

ಗಂಡ ಸತ್ತ ಮೇಲೆ ಜವರಮ್ಮ ಅವನ ಕ್ಯಾಮೆರಾ ಹಿಡಿದು ಮದುವೆ ವಿಡಿಯೊ ತೆಗೆಯೋಕೆ ನಿಂತಳು. "ಹೆಂಗಸು ಏನು ತೆಗೀತಾಳೆ ಬಿಡು" ಅಂತ ಊರೆಲ್ಲ ಮೂತಿ ತಿರುವ್ತು. ಮೊದಲನೇ ಮದುವೆ ಕೆಂಪಜ್ಜಿ ಮೊಮ್ಮಗಳದು. ಇವತ್ತು ಸಂಜೆ ಎಲ್ಲರೂ ಇವಳ ಮನೆಗೇ ವಿಡಿಯೊ ನೋಡೋಕೆ ಬರ್ತಾರೆ. ಕೆಟ್ಟರೆ ಇನ್ನು ಯಾರೂ ಕರೆಯಲ್ಲ. ಅಂಥಾ ಹೊತ್ತಲ್ಲೇ ವಿಡಿಯೊ ತುಂಬಿಟ್ಟಿದ್ದ ಹಳೇ ಹಾರ್ಡ್ ಡಿಸ್ಕ್ ಟಕಟಕ ಅನ್ನೋಕೆ ಶುರುವಾಯ್ತು. ಹೊಸದು ತಂದ್ರೆ, ಡಬ್ಬದ ಮೇಲೆ ಎರಡು ಸಾವಿರ ಜಿಬಿ, ಕಂಪ್ಯೂಟರಿನಲ್ಲಿ ಬರೀ ಮೂವತ್ತು! ಮದುವೆ ಇರ್ಲಿ, ಚಪ್ಪರಾನೂ ಹಿಡಿಯಲ್ಲ.

"ಲೋ ಗುಡ್ಡಾ, ಓಡು! ರಿಪೇರಿ ಇಲಿಯಾಸಣ್ಣನಿಗೆ ಈ ಹೊಸ ಡಿಸ್ಕ್ ತೋರಿಸ್ಕೊಂಡು ಬಾ!"

ಹೋದ. ಬೀದಿ ಆಚೆ ನಿಂತ. ಡಿಸ್ಕ್ ಎತ್ತಿ ತೋರಿಸ್ದ. ಇಲಿಯಾಸಣ್ಣ ನೋಡ್ದ. ಇವನು ವಾಪಸ್ ಬಂದ.

"ಏನಂದ್ನೋ?"

"ಏನೂ ಅನ್ಲಿಲ್ಲ. ನೋಡ್ದ."

"ಅಯ್ಯೋ ನನ್ನ ಕರ್ಮವೇ! ಕೈಗೆ ಕೊಟ್ಟು, ಏನಾಗೈತೆ ಅಂತ ಕೇಳಿ, ಅವನು ಹೇಳೋ ಬುದ್ಧಿ ಕಲ್ತ್ಕೊಂಡು ಬಾರೋ!"

"ಹೂಂ ಕಣವ್ವ."

ಈ ಸಲ ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿಕೊಂಡು, ಗುಂಡಿ ಗುಂಡಿ ಹಾರಿಸ್ಕೊಂಡು ಹೋದ. ಇಲಿಯಾಸಣ್ಣ ಬೆಂಕಿಯಾದ. "ಇಂಥಾ ಸೂಕ್ಷ್ಮದ್ದನ್ನ ಹಿಂಗಾ ತರೋದು? ಬಟ್ಟೇಲಿ ಸುತ್ತಿ, ಎದೆಗೆ ಅವುಚ್ಕೊಂಡು, ಕುಲುಕದಂಗೆ ತರ್ಬೇಕು!"

"ಹೂಂ ಕಣಣ್ಣ."

ಇಲಿಯಾಸಣ್ಣ ವಯರ್ ಚುಚ್ಚಿ ನೋಡಿದ, ನಕ್ಕ. "ಜಾಗ ಎಲ್ಲೂ ಹೋಗಿಲ್ಲ ಕಣೋ. ಒಳಗೆ ಯಾರೋ ಎರಡು ಪಾಲು ಮಾಡವ್ರೆ. ಚಿಕ್ಕ ಪಾಲು ಕಾಣ್ತೈತೆ, ದೊಡ್ಡದು ಗೋಡೆ ಹಿಂದೆ ಇದ್ದಂಗೆ ಐತೆ." ಏನೇನೋ ಒತ್ತಿದ, ಪೂರ್ತಿ ಜಾಗ ಬಂತು! "ನೆನಪಿಟ್ಕೋ. ಜಾಗ ಇಲ್ಲ ಅಂದ್ರೆ, ಮೊದಲು ನಡುವೆ ಗೋಡೆ ಐತಾ ನೋಡು."

"ಹೂಂ ಕಣಣ್ಣ."

ಡಿಸ್ಕ್ ಮನೆಗೆ ಬಂತು, ಹಳೇದರ ಮದುವೆಯೆಲ್ಲ ಹೊಸದಕ್ಕೆ ಇಳೀತು. ಜವರಮ್ಮನಿಗೆ ಹೋದ ಜೀವ ಬಂದಂಗಾಯ್ತು. "ಹೋಗಪ್ಪ, ಕೆಂಪಜ್ಜಿನ ಕರ್ಕೊಂಡು ಬಾ. ಹಣ್ಣಣ್ಣು ಮುದುಕಿ, ಹುಷಾರು."

"ಸೂಕ್ಷ್ಮದ್ದಾ ಅವ್ವಾ?"

"ಹೂಂ ಕಣ್ಲಾ, ಸೂಕ್ಷ್ಮ!"

ಇನ್ನೇನು? ಅಜ್ಜಿನ ಕಂಬಳೀಲಿ ಸುತ್ತಿ, ಎದೆಗೆ ಅವುಚ್ಕೊಂಡು, ಕುಲುಕದಂಗೆ ಹೆಜ್ಜೆ ಇಟ್ಕೊಂಡು ಬಂದ. ಕಂಬಳಿ ಒಳಗಿಂದ "ಬಿಡೋ ಮುಂಡೇದೇ! ನಾನಿನ್ನೂ ಸತ್ತಿಲ್ಲ ಕಣೋ!" ಅಂತ ಕೂಗು.

"ಥೂ ನಿನ್ನ! ನೆಂಟರನ್ನ ಸುತ್ಕೊಂಡು ಬರ್ತಾರೇನ್ಲಾ? ಬಂದೋರಿಗೆ ಜಾಗ ಮಾಡಿ ಕೂರಿಸ್ಬೇಕು!"

ಜಾಗ ಎಲ್ಲೈತೆ? ಇರೋದೇ ಒಂದು ಕೋಣೆ. ಹೆಣ್ಣಿನ ಕಡೆಯೋರು ಮಂಚದ ಮೇಲೆ, ಗಂಡಿನ ಕಡೆಯೋರು ನೆಲದ ಮೇಲೆ, ಬೀಗಿತ್ತಿ ಅಕ್ಕಿ ಮೂಟೆ ಮೇಲೆ. "ಕರೆದು ಅವಮಾನ ಮಾಡ್ತೀರಾ? ನಾವು ಹೋಗ್ತೀವಿ!" ಅಂತ ಬೀಗಿತ್ತಿ ಎದ್ದೇಬಿಟ್ಟಳು. ಜವರಮ್ಮನ ಕಣ್ಣಲ್ಲಿ ನೀರು.

ಗುಡ್ಡಪ್ಪ ಅವ್ವನ ಮುಖ ನೋಡ್ದ. ಕೋಣೆ ನೋಡ್ದ. ಗೋಡೆ ನೋಡ್ದ! ಮನೆ ಪಾಲಾದಾಗ ಎದ್ದ ಮಣ್ಣಿನ ಗೋಡೆ ಅದು. ಆ ಕಡೆ ಚಿಕ್ಕಮ್ಮ ಸಾಕಮ್ಮ. ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಹಾರೆ ತಂದ. ಧಡಾರ್! ಧಡಾರ್!

"ಲೋ! ಲೋ! ನಿಲ್ಸೋ!"

ನಿಂತಾನಾ? ಅರ್ಧ ಗೋಡೆ ಕುಸೀತು. ಧೂಳಿನ ಒಳಗಿಂದ ಸಾಕಮ್ಮನ ಮುಖ ಕಾಣಿಸ್ತು. ಈಗ ಜಗಳ, ಈಗ ಹೊಡೆದಾಟ!

ಸಾಕಮ್ಮ ಕೆನ್ನೆ ಮೇಲಿನ ಮಣ್ಣು ಒರೆಸ್ಕೊಂಡಳು. "ಅಕ್ಕಾ, ಇನ್ನೂ ವಿಡಿಯೊ ಹಾಕಿಲ್ವಾ? ಗೋಡೆಗೆ ಕಿವಿ ಹಚ್ಚಿ ಹಚ್ಚಿ ಸಾಕಾಯ್ತು ಕಣೇ!"

ಜವರಮ್ಮ ಅತ್ತಳು, ಅಳ್ತಾ ಅಳ್ತಾ ನಕ್ಕಳು. "ಬಾರೇ, ಕೂತ್ಕೊ ಬಾ." ಬೀಗಿತ್ತಿಗೆ ಸಾಕಮ್ಮನ ಕುರ್ಚಿ ಸಿಕ್ತು, ಕೆಂಪಜ್ಜಿಗೆ ಚಾಪೆ. ವಿಡಿಯೊ ಶುರುವಾಯ್ತು. ತಾಳಿ ಕಟ್ಟೋದು ನೋಡಿ ಬೀಗಿತ್ತಿಯೇ, "ನಮ್ಮ ಚಿಕ್ಕವಳ ಮದುವೆಗೂ ನೀನೇ ಬಾರಮ್ಮ" ಅಂದಳು.

ಅಷ್ಟರಲ್ಲಿ ಬೀದಿ ಜನವೆಲ್ಲ ಬಾಗಿಲಿಗೆ ಮುತ್ಕೊಂಡರು. "ಜಾಗ ಇಲ್ಲ ಕಣ್ರಪ್ಪಾ!" ಅಂತ ಜವರಮ್ಮ ಬಾಯಿ ತಪ್ಪಿ ಕೂಗಿಬಿಟ್ಟಳು.

ಧಡಾರ್!

ಈ ಸಲ ಇನ್ನೊಂದು ಪಕ್ಕದ ಗೋಡೆ. ತೂತಿನಿಂದ ಒಂದು ಮೀಸೆ, ಒಂದು ಖಾಕಿ ಟೋಪಿ ಇಣುಕ್ತು.

"ಅವ್ವಾ," ಅಂದ ಗುಡ್ಡಪ್ಪ, ಹಾರೆ ಹೆಗಲಿಗೆ ಹಾಕ್ಕೊಂಡು, "ಪೊಲೀಸ್ ಠಾಣೇಲಿ ಬೇಕಾದಷ್ಟು ಜಾಗ ಐತೆ!"