ಬಾಗಿಲು ತೆರೆಯದ ಹೆಸರುಕಾಳು

ಗೇಣುದ್ದ ಮಣ್ಣು ನೆನೆಯುವ ತನಕ ಯಾವ ಬೀಜವೂ ಬಾಗಿಲು ತೆರೆಯಬಾರದು. ಲೋಕ ಇನ್ನೂ ಹೊಚ್ಚ ಹೊಸದಾಗಿದ್ದಾಗ ಭೂಮಿತಾಯಿ ಹಾಕಿದ ಕಟ್ಟಳೆ ಅದೊಂದೇ. ಅದನ್ನೇ ಒಬ್ಬಳನ್ನು ಬಿಟ್ಟು ಎಲ್ಲರೂ ಮುರಿದರು.

ಕಟ್ಟಳೆಗೆ ಕಾರಣವಿತ್ತು. ಒಂದೊಂದು ಬೀಜವೂ ಒಂದೊಂದು ಮನೆ. ಸಿಪ್ಪೆಯೇ ತಾಯಿ. ಒಳಗೆ ಎರಡು ಬೇಳೆ. ಬೇಳೆಗಳ ಸಂದಿಯಲ್ಲಿ ಎಳ್ಳಿನಷ್ಟು ಕೂಸು. ಅಷ್ಟು ಪುಟ್ಟ ಕೂಸಿಗೂ ಬೇರಿನ ಮೊನೆಯಿದೆ, ಮಡಿಸಿಟ್ಟ ಎರಡು ಎಲೆಯಿದೆ! ಬೇಳೆಗಳೇ ಅದರ ಬುತ್ತಿ. ಬೇರು ನೀರು ಹುಡುಕಿ, ಎಲೆ ಬಿಸಿಲಲ್ಲಿ ಅಡುಗೆ ಕಲಿಯುವವರೆಗೆ ಅಷ್ಟೇ ಊಟ. ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚದು. ಒಮ್ಮೆ ಎದ್ದ ಕೂಸು ಮತ್ತೆ ಮಲಗದು.

ಒಂದು ಮಧ್ಯಾಹ್ನ ದಾರಿಹೋಕ ಮೋಡವೊಂದು ನಾಲ್ಕು ಹನಿ ಉದುರಿಸಿತು. ಮಣ್ಣು ಘಮ್ಮೆಂದಿತು.

"ಮಳೆ ಬಂತು ಕಣ್ರೇ!" ಎಂದು ಅಲಸಂದೆ ಬಾಗಿಲು ತೆರೆದಳು. ಹುರುಳಿ ತೆರೆದಳು. ಅವರೆ ತೆರೆದಳು.

ಹೆಸರುಕಾಳಿನ ತಾಯಿ ಸಿಪ್ಪವ್ವ ಮಾತ್ರ ಕೆಳಗೆ ಕೂಗಿ ಕೇಳಿದಳು, "ಎರೆಹುಳುವಣ್ಣಾ, ಎಷ್ಟು ನೆಂದಿದೆ?"

"ಎರಡು ಬೆರಳು ತಾಯಿ. ಅದರ ಕೆಳಗೆ ಬರೀ ಧೂಳು."

ಪಕ್ಕದ ಅವರೆ ಕಿಸಕ್ಕನೆ ನಕ್ಕಳು. "ಅಳತೆ ಹಿಡ್ಕೊಂಡು ಮಕ್ಕಳನ್ನ ಸಾಕ್ತಾರೇನೇ? ನನ್ನ ಮಗ ಆಗಲೇ ಬೇರು ಚಾಚಿದ, ನೋಡು. ನಿನ್ನ ಎದೆ ಏನು ಕಲ್ಲಾ?"

ಒಳಗೆ ಕೂಸು ಮಿಸುಕಾಡಿತು. "ಅವ್ವಾ, ಬಾಯಾರಿಕೆ. ಎಲ್ಲರೂ ಹೊರಟರು. ಬಾಗಿಲು ತೆಗಿಯವ್ವಾ."

ತೆರೆದರೆ ಕೂಸು ಉಳಿಯುವುದಿಲ್ಲ. ತೆರೆಯದಿದ್ದರೆ ಅದರ ಅಳು ಕೇಳಲಾಗುವುದಿಲ್ಲ. ಸಿಪ್ಪವ್ವ ತನ್ನ ಮೈಮೇಲಿನ ಬಿಳಿ ಚುಕ್ಕೆಯಂಥ ಕಣ್ಣಿನ ಪಕ್ಕ, ನೀರು ಒಳಗೆ ಬರುವ ಪುಟ್ಟ ಕಿಂಡಿಗೆ ಇನ್ನೊಂದು ಪದರ ಮೇಣ ಮೆತ್ತಿದಳು.

"ಮಲಗು ಮಗಾ. ಗೇಣು ಅಂದ್ರೆ ಗೇಣು."

ಆಮೇಲೆ ಮೂರು ದಿನ ಸುಡುಬಿಸಿಲು. ಎದ್ದ ಕೂಸುಗಳು ನೀರು ಹುಡುಕಿದವು. ಬೇರು ಹೋದಲ್ಲೆಲ್ಲ ಧೂಳು. ನಾಲ್ಕನೆಯ ದಿನ ಆ ಸಾಲಿನ ಮನೆಗಳಲ್ಲಿ ಸದ್ದೇ ಇರಲಿಲ್ಲ. ಸಿಪ್ಪವ್ವ ಯಾರನ್ನೂ ಹಂಗಿಸಲಿಲ್ಲ. ತನ್ನ ಕೂಸಿನ ಮೆಲ್ಲನೆಯ ಉಸಿರಿಗೆ ಕಿವಿಗೊಟ್ಟು ಕುಳಿತಳು.

ಎಷ್ಟೋ ದಿನಗಳ ಮೇಲೆ ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಎರೆಹುಳು ತಾನಾಗಿ ಮೇಲೆ ಬಂದಿತು. "ಗೇಣು ದಾಟಿತು ತಾಯಿ!"

ಆಗ ಸಿಪ್ಪವ್ವ ನೀರು ಕುಡಿದು ಉಬ್ಬಿ, ತನ್ನ ಮೈಯನ್ನೇ ಸೀಳಿಕೊಂಡು ಮಗುವಿಗೆ ದಾರಿ ಬಿಟ್ಟಳು. ಕೂಸು ಗಿಡವಾಯಿತು. ಗಿಡದ ತುಂಬ ಕಾಯಿ, ಕಾಯಿಯ ತುಂಬ ಹೊಸ ಸಿಪ್ಪವ್ವಂದಿರು. ಗಿಡ ಕಟ್ಟಳೆಯನ್ನು ಅವರೆಲ್ಲರಿಗೂ ಹೇಳಿತು. ಮನಸ್ಸಿಗೆ ಹಾಕಿಕೊಂಡವಳು ಬೊಗಸೆಗೊಬ್ಬಳು.

ಅದಕ್ಕೇ ಇವತ್ತಿಗೂ ಅಮ್ಮ ಹೆಸರುಕಾಳು ನೆನೆಹಾಕಿದರೆ ಉಳಿದ ಕಾಳೆಲ್ಲ ಉಬ್ಬಿ ಬಾಯಿಬಿಡುತ್ತವೆ. ಪಾತ್ರೆಯ ತಳದಲ್ಲಿ ಒಬ್ಬಳು ಮಾತ್ರ, ಸುತ್ತಲೂ ನೀರಿದ್ದರೂ, ಹಸಿರಾಗಿ ಹೊಳೆಯುತ್ತ, ಕಲ್ಲಿನಂತೆ ಗಟ್ಟಿಯಾಗಿ ಕುಳಿತು ಬಾಗಿಲು ತೆರೆಯಳು.